ಹಾಡಿನ ಪೆಟ್ಟಿಗೆಗೆ ಎಷ್ಟು ಕೊಡಬೇಕು?



ದಿಲ್ಲಿಯ ನಮ್ಮ ಕೋಣೆಗಳ ಟ್ರಂಕುಗಳಲ್ಲಿ ಊರಿನ ಕ್ಯಾಸೆಟ್ಟುಗಳಿವೆ. 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಇದೆ, ನಮ್ಮ ತಾಯಂದಿರು ಹೇಳಿದ ಸೋಬಾನೆ ಇದೆ. ಟೇಪು ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ. ಇವನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿಸಿಟ್ಟರೆ ಕೋಣೆಯವರೆಲ್ಲ ತಂತಮ್ಮ ಮೊಬೈಲಿನಲ್ಲಿ ಕೇಳಬಹುದು. ಅದಕ್ಕೆ ಮ್ಯೂಸಿಕ್ ಸರ್ವರ್ ಎನ್ನುತ್ತಾರೆ. ನಮ್ಮ ಬೆವರಿನ ದುಡ್ಡನ್ನು ಅದರಲ್ಲಿ ಯಾವುದಕ್ಕೆ ಕೊಡಬೇಕು?

ಪೆಟ್ಟಿಗೆಗೆ ಹೆಚ್ಚು ಬೇಡ. ನೆಹರೂ ಪ್ಲೇಸಿನ ಹಳೆಯ ಲ್ಯಾಪ್‌ಟಾಪೋ, ಅಂಗೈಯಗಲದ ರಾಸ್‌ಬೆರಿ ಪೈಯೋ ಸಾಕು. ಹಾಡು ಹಂಚುವ ನ್ಯಾವಿಡ್ರೋಮ್, ಜೆಲ್ಲಿಫಿನ್ ಎಂಬ ತಂತ್ರಾಂಶಗಳು ಪುಕ್ಕಟೆ. ದುಬಾರಿ ತಂತಿಗೂ ಕಾಸು ಬೇಡ. ಕಂಪ್ಯೂಟರಿನಲ್ಲಿ ಹಾಡೆಂದರೆ ಅಂಕಿಗಳು. ಸಾದಾ ತಂತಿಯಲ್ಲೂ ಅವು ಹಾಗೆಯೇ ತಲುಪುತ್ತವೆ.

ಕೊಡಬೇಕಾದದ್ದು ಡಿಸ್ಕಿಗೆ. ಸಿ.ಡಿ. ಗುಣದ ಒಂದು ಗಂಟೆಯ ಧ್ವನಿಗೆ ಸುಮಾರು 635 ಎಂ.ಬಿ. ಜಾಗ ಬೇಕು. 1 ಟಿ.ಬಿ. ಡಿಸ್ಕಿನಲ್ಲಿ 1,500 ಗಂಟೆ ಹಿಡಿಯುತ್ತದೆ. ಫ್ಲ್ಯಾಕ್ ರೂಪದಲ್ಲಿಟ್ಟರೆ ಧ್ವನಿ ಎಳ್ಳಷ್ಟೂ ಕೆಡದೆ ಇನ್ನೂ ಬಹಳ ಹಿಡಿಯುತ್ತದೆ. ಡಿಸ್ಕು ಎಂದಾದರೂ ಕೆಡುವ ವಸ್ತು. ಆದ್ದರಿಂದ ಎರಡು ಕೊಳ್ಳಬೇಕು. ಎರಡನೆಯ ಪ್ರತಿ ಬೇರೆ ಕೋಣೆಯಲ್ಲಿರಲಿ. ಮಿಕ್ಕ ಹಣ ಒಳ್ಳೆಯ ಸ್ಪೀಕರಿಗೆ ಹೋಗಲಿ. ಕಿವಿಗೆ ತಿಳಿಯುವ ವ್ಯತ್ಯಾಸ ಅಲ್ಲಿದೆ.

ತಿಂಗಳ ಚಂದಾ ಕಟ್ಟಿ ಕೇಳುವ ಹಾಡು, ಚಂದಾ ನಿಂತ ದಿನ ನಿಲ್ಲುತ್ತದೆ. ಸಿನಿಮಾ ಹಾಡಾದರೆ ಮತ್ತೆ ಸಿಕ್ಕೀತು, ತಾಯಿಯ ದನಿ ಯಾವ ಕಂಪನಿಯಲ್ಲೂ ಸಿಕ್ಕದು. ಒಬ್ಬೊಬ್ಬರಿಗೆ ಈ ಖರ್ಚು ಭಾರ. ಕೋಣೆಯ ಎಂಟು ಮಂದಿ ಹಂಚಿಕೊಂಡರೆ ಹಗುರ. ಟೇಪು ಹಾಳಾಗುವ ಮುನ್ನ ಕೈಹಾಕೋಣ.