ಹತ್ತನೇ ಕ್ಲಾಸಿನಿಂದ ಕಿತ್ತ ಪಾಠ

(ಬಳ್ಳಾರಿಯಲ್ಲಿ ಹಾಸ್ಟೆಲ್ ಹುಡುಗರ ಸಭೆಯಲ್ಲಿ ಆಡಿದ ಮಾತಿನ ಬರಹ)



ಹೋದ ಸಲ ಕುರುಗೋಡಿನಲ್ಲಿ ಸೇರಿದ್ದಾಗ ಎಸ್ಸೆಸ್ಸೆಲ್ಸಿ ಓದುವ ಒಬ್ಬ ತಮ್ಮ ಎದ್ದು ನಿಂತು ಕೇಳಿದ: "ಅಣ್ಣಾ, ಮಂಗನಿಂದ ಮನುಷ್ಯ ಆದ ಅಂತಾರಲ್ಲ, ಹಂಗಾದ್ರೆ ಈಗಿನ ಮಂಗಗಳು ಯಾಕೆ ಮನುಷ್ಯ ಆಗ್ತಿಲ್ಲ?" ಎಲ್ಲರೂ ನಕ್ಕರು. ನಾವೂ ನಕ್ಕೆವು. ನಕ್ಕು ಸುಮ್ಮನಾಗಿಬಿಟ್ಟೆವು, ಯಾಕಂದ್ರೆ ನಮಗೂ ಉತ್ತರ ಸರಿಯಾಗಿ ಗೊತ್ತಿರಲಿಲ್ಲ. ಆರ್ಟ್ಸ್ ಓದಿದವರು ನಾವು. ಹತ್ತನೇ ಕ್ಲಾಸಿನಲ್ಲಿ ಆ ಪಾಠವನ್ನು ಎರಡು ಮಾರ್ಕಿಗೆ ಉರು ಹೊಡೆದು ಮರೆತವರು. ಆ ತಮ್ಮನಿಗೆ ಉತ್ತರ ಕೊಡುವುದು ಬಾಕಿ ಇದೆ. ಇವತ್ತಿನ ಮಾತು ಅದಕ್ಕೇ.

ಮೊದಲು ನಡೆದದ್ದೇನು ಅಂತ ತಿಳಿಯೋಣ. 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ನೋಡಿಕೊಳ್ಳುವ ಖಾತೆಯಲ್ಲಿ ರಾಜ್ಯ ಮಂತ್ರಿಯಾಗಿದ್ದ ಸತ್ಯಪಾಲ್ ಸಿಂಗ್ ಎಂಬುವರು, ಡಾರ್ವಿನ್ ಹೇಳಿದ್ದು ತಪ್ಪು, ಮಂಗ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ಕಂಡಿಲ್ಲ, ಶಾಲೆ ಕಾಲೇಜಿನ ಪಾಠ ಬದಲಾಗಬೇಕು ಎಂದರು. ಬೆಂಗಳೂರಿನದೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಮಾತು ಅಲ್ಲಿಗೆ ಮುಗೀತು ಅಂದುಕೊಂಡೆವು. ಆಮೇಲೆ ಕೊರೊನಾ ಬಂತು. ಮಕ್ಕಳ ಓದಿನ ಹೊರೆ ಇಳಿಸುತ್ತೇವೆ ಅಂತ 2022ರಲ್ಲಿ ಎನ್‌ಸಿಇಆರ್‌ಟಿಯವರು ಪುಸ್ತಕಗಳಿಗೆ ಕತ್ತರಿ ಹಾಕಿದರು. ಹತ್ತನೇ ತರಗತಿ ವಿಜ್ಞಾನದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ವಿಕಾಸ ಹೋಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ಪ್ರತಿಭಟಿಸಿದರು. ಸರ್ಕಾರದ ಕಡೆಯಿಂದ ಬಂದ ಉತ್ತರ: ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ!

ಇಲ್ಲಿ ಸ್ವಲ್ಪ ನಿಲ್ಲಿ. ಹನ್ನೆರಡರಲ್ಲಿ ಇರೋದು ಯಾರಿಗೆ? ಬಯಾಲಜಿ ತಗೊಂಡವರಿಗೆ. ಇಲ್ಲಿ ಕೂತವರಲ್ಲಿ ಪಿಯುಸಿಯಲ್ಲಿ ಬಯಾಲಜಿ ಓದಿದವರು ಕೈ ಎತ್ತಿ ನೋಡೋಣ. (ಆರು ಕೈ ಎದ್ದವು.) ಉಳಿದವರು ಆರ್ಟ್ಸು, ಕಾಮರ್ಸು, ಐಟಿಐ. ನಮ್ಮ ಕೇರಿಯಲ್ಲಿ ಹತ್ತಕ್ಕೇ ನಿಂತು ಬಳ್ಳಾರಿಯ ಜೀನ್ಸ್ ಹೊಲಿಗೆಗೆ, ಸಿರುಗುಪ್ಪದ ಭತ್ತದ ನಾಟಿಗೆ ಹೋದ ತಮ್ಮ ತಂಗಿಯರು ಇದ್ದಾರೆ. ಅವರು ವಿಜ್ಞಾನ ಅಂತ ಓದುವುದು ಹತ್ತನೇ ಕ್ಲಾಸಿಗೇ ಕೊನೆ. ಆ ಕೊನೆಯ ಪುಸ್ತಕದಿಂದಲೇ ಈ ಪಾಠ ಹೋಯಿತು. ಡಾಕ್ಟರ ಮಗನಿಗೆ ಸಿಗುತ್ತದೆ, ಕೂಲಿಯವನ ಮಗಳಿಗೆ ಸಿಗೋದಿಲ್ಲ. ಬೇಕಂತಲೇ ಮಾಡಿದರೋ, ಯೋಚಿಸದೆ ಮಾಡಿದರೋ, ಅದರ ಪೆಟ್ಟು ಬಿದ್ದದ್ದು ಇವರ ಮೇಲೆ.

ಈಗ ಉತ್ತರ. ಯಾರೂ ಕಣ್ಣಾರೆ ಕಂಡಿಲ್ಲ ಅಂದರಲ್ಲ ಮಂತ್ರಿಗಳು? ನಮ್ಮ ಎರೆ ಹೊಲದಲ್ಲಿ ಹತ್ತಿಗೆ ಎಣ್ಣೆ ಹೊಡೆದ ಕೂಲಿಯವರನ್ನು ಕೇಳಲಿ. ಮೊದಲ ವರ್ಷ ಹೊಡೆದರೆ ಹುಳ ಉದುರುತ್ತವೆ. ಸಾವಿರದಲ್ಲಿ ಒಂದೋ ಎರಡೋ ಹುಟ್ಟಿನಿಂದಲೇ ತಡಕೊಳ್ಳುವ ಗುಣ ಇದ್ದವು ಉಳಿಯುತ್ತವೆ. ಮುಂದಿನ ಸಂತಾನ ಅವುಗಳದ್ದೇ. ಕೆಲವು ವರ್ಷದಲ್ಲಿ ಅದೇ ಎಣ್ಣೆ ನೀರಿದ್ದ ಹಾಗೆ. ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಕಾಯಿಕೊರಕ ಮುಟ್ಟೋದಿಲ್ಲ ಅಂದರು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡ ವರದಿ ಬಂತು. ಇದೇ ವಿಕಾಸ. ಯಾರೂ ಆ ಹುಳಕ್ಕೆ ವರ ಕೊಟ್ಟಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಆ ವಿಷ ಕುಡಿದ ನಮ್ಮಪ್ಪಂದಿರು ಡಾರ್ವಿನ್ ಹೆಸರು ಕೇಳದೇ ಅದನ್ನು ಕಂಡಿದ್ದಾರೆ.

ಇನ್ನು ಮಂಗನ ಮಾತು. ತಮ್ಮಾ, ನಿಮ್ಮ ಮುತ್ತಾತನಿಗೆ ಇಬ್ಬರು ಮಕ್ಕಳು ಅಂತಿಟ್ಟುಕೋ. ಒಬ್ಬ ಕುರುಗೋಡಿನಲ್ಲೇ ಉಳಿದ, ಇನ್ನೊಬ್ಬ ದುಡಿಯೋಕೆ ಸಿರುಗುಪ್ಪಕ್ಕೆ ಹೋದ. ಸಿರುಗುಪ್ಪದ ಮೊಮ್ಮಕ್ಕಳು ನಿನಗೆ ದಾಯಾದಿಗಳು. ಅವರು ನಿನ್ನನ್ನು ಹೆತ್ತವರಲ್ಲ, ನೀನು ಅವರನ್ನು ಹೆತ್ತವನಲ್ಲ. ಅವರು ಇನ್ನೂ ಬದುಕಿದ್ದಾರೆ ಅಂತ ಮುತ್ತಾತ ಇರಲೇ ಇಲ್ಲ ಅನ್ನೋಕಾಗುತ್ತಾ? ಚಿಂಪಾಂಜಿಯೂ ನಾವೂ ಹಾಗೆ. ಸುಮಾರು ಅರವತ್ತು ಎಪ್ಪತ್ತು ಲಕ್ಷ ವರ್ಷಗಳ ಹಿಂದೆ ಒಂದೇ ಮೂಲದಿಂದ ಕವಲೊಡೆದವರು. ನಮ್ಮ ಮನುಷ್ಯ ಕುಲ ಆಫ್ರಿಕಾದಲ್ಲಿ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷ. ನಾವೆಲ್ಲ, ಅಗ್ರಹಾರದವರೂ ಹೊಲಗೇರಿಯವರೂ, ಅಲ್ಲಿಂದ ಬಂದವರ ಮಕ್ಕಳು.

ಈ ಕೊನೆಯ ಮಾತಿಗಾಗಿಯೇ ಆ ಪಾಠ ನಮ್ಮದು. ಈ ನೆಲದಲ್ಲಿ ಸೃಷ್ಟಿಯ ಕಥೆ ಅಂದರೆ ಬರೀ ಕಥೆಯಲ್ಲ, ಅದು ಜಾತಿಯ ಹಕ್ಕುಪತ್ರ. ಋಗ್ವೇದದ ಪುರುಷಸೂಕ್ತ ಏನು ಹೇಳುತ್ತದೆ? ಬಾಯಿಂದ ಬ್ರಾಹ್ಮಣ, ತೋಳಿಂದ ಕ್ಷತ್ರಿಯ, ತೊಡೆಯಿಂದ ವೈಶ್ಯ, ಪಾದದಿಂದ ಶೂದ್ರ. ನಮಗೆ ಪಾದದಲ್ಲೂ ಜಾಗ ಇಲ್ಲ! ಬಾಬಾಸಾಹೇಬರು 1946ರಲ್ಲಿ ಶೂದ್ರರು ಯಾರು ಎಂಬ ಪುಸ್ತಕ ಬರೆದಾಗ ಮೊದಲು ಕೈ ಹಾಕಿದ್ದೇ ಈ ಸೂಕ್ತಕ್ಕೆ. ಹುಟ್ಟಿನ ಕಥೆ ಬಿದ್ದರೆ ಹುಟ್ಟಿನ ಮೇಲುಕೀಳಿಗೆ ನಿಲ್ಲೋಕೆ ನೆಲ ಇರೋದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಒಂದು ಮಾತು ನಮ್ಮವರಿಗೇ ಹೇಳಬೇಕು, ಸಿಟ್ಟಾಗಬೇಡಿ. ನಮ್ಮಲ್ಲೂ ಒಂದು ಸೃಷ್ಟಿಯ ಕಥೆ ಇದೆ. ಆದಿಜಾಂಬವ ಭೂಮಿಗಿಂತ ಆರು ತಿಂಗಳು ಮೊದಲು ಹುಟ್ಟಿದ ಅಂತ ಅಜ್ಜಂದಿರು ಹೇಳುತ್ತಾರೆ. ತುಳಿಸಿಕೊಂಡ ಜನ ಎದೆಯೆತ್ತಿ ಕಟ್ಟಿದ ಕಥೆ ಅದು. ಪದ್ಯ ಬರೆಯುವ ನಮಗೆ ಅದರ ಮೇಲೆ ಪ್ರಾಣ. ಆದರೆ ಅದನ್ನು ವಿಜ್ಞಾನದ ಪುಸ್ತಕದಲ್ಲಿ ಹಾಕಿ ಅಂತ ನಾವು ಕೇಳೋದಿಲ್ಲ. ಅವರ ಪುರುಷನೂ ಬೇಡ, ನಮ್ಮ ಜಾಂಬವನೂ ಬೇಡ. ಕಥೆ ಹಾಡಿನಲ್ಲಿರಲಿ, ಪಾಠದಲ್ಲಿ ಸಾಕ್ಷಿ ಇರಲಿ.

ಸಾಕ್ಷಿ ಅಂದರೇನು ಅಂತ ತಿಳಿಯೋಕೆ ದೂರ ಹೋಗಬೇಕಿಲ್ಲ. ಕುಡತಿನಿಯ ಬೂದಿಗುಡ್ಡ ನೋಡಿದ್ದೀರಿ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಹಿಂದಿನವರು ನಂಬಿದ್ದರು. ಹಂಪಿ ಹತ್ತಿರ ನಿಂಬಾಪುರದಲ್ಲಿರುವ ಇಂಥದೇ ಬೂದಿಗೆ ವಾಲಿಯ ಚಿತೆ ಅನ್ನುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಸೀಮೆಯ ಬೂದಿಗುಡ್ಡಗಳನ್ನು ಪರೀಕ್ಷೆ ಮಾಡಿ, ಇದು ಸುಟ್ಟ ಸಗಣಿ ಅಂದ. ಆಲ್ಚಿನ್ ಎಂಬ ವಿದ್ವಾಂಸ ಉತ್ನೂರಿನಲ್ಲಿ ಅಗೆದಾಗ ದನದ ಗೊರಸಿನ ಗುರುತೇ ಸಿಕ್ಕಿತು. ಅಲ್ಲಿ ರಾಕ್ಷಸನಿಲ್ಲ, ದನ ಕಾಯುವ ಜನ ಇದ್ದರು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಮಲ್ಹೋತ್ರ ಬೆಟ್ಟದ ಮೇಲೆ ಅಗೆದು ಮೂರೂವರೆ ಸಾವಿರ ವರ್ಷದ ಹಿಂದಿನ ಗುಡಿಸಲು, ಕಲ್ಲಿನ ಕೊಡಲಿ, ಹೂಳಿದ ಎಲುಬುಗಳನ್ನು ಕಂಡರು. ಮೂರೂವರೆ ಸಾವಿರ ವರ್ಷ ವಿಕಾಸದ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಆದರೂ ಹೇಳುತ್ತೇವೆ, ಆ ಎಲುಬು ಹಿಡಿದು ಇದು ಹೊಲೆಯನದು, ಇದು ಗೌಡನದು ಅಂತ ಹೇಳೋ ಗಂಡು ಇನ್ನೂ ಹುಟ್ಟಿಲ್ಲ.

ಹೇಳೋಕೆ ಹೊರಟವರೇನೋ ಇದ್ದರು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಥರ್ಸ್ಟನ್ ಎಂಬ ಮದ್ರಾಸ್ ಮ್ಯೂಸಿಯಂ ಅಧಿಕಾರಿ, ಉತ್ತರದಲ್ಲಿ ರಿಸ್ಲೆ, ಜಾತಿ ಜಾತಿಯ ಮೂಗು ಅಳೆದರು. ವಿಜ್ಞಾನದ ಹೆಸರಿನಲ್ಲೇ ಅಳೆದರು! ಬಾಬಾಸಾಹೇಬರು 1948ರ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಅಂಥ ಅಳತೆಗಳನ್ನೇ ತಿರುಗಿಸಿ, ಬ್ರಾಹ್ಮಣ ಆರ್ಯನಾದರೆ ಅಸ್ಪೃಶ್ಯನೂ ಆರ್ಯ, ಎರಡೂ ಒಂದೇ ಬುಡಕಟ್ಟು ಅಂತ ತೋರಿಸಿದರು. ಪಾಠ ಗೊತ್ತಿದ್ದವನು ಮಾತ್ರ ಹೀಗೆ ತಿರುಗಿಸಬಲ್ಲ. ನಾಳೆ ಯಾರೋ ಬಂದು, ಬಲಿಷ್ಠನೇ ಉಳಿಯೋದು ಪ್ರಕೃತಿಯ ನಿಯಮ, ನಿಮಗ್ಯಾಕೆ ಮೀಸಲಾತಿ ಅಂತ ಕೇಳಿದರೆ, ಆ ಮಾತು ಮೊದಲು ಹುಟ್ಟಿದ್ದು ಡಾರ್ವಿನ್‌ನಿಂದಲ್ಲ, ಹರ್ಬರ್ಟ್ ಸ್ಪೆನ್ಸರ್‌ನಿಂದ, ಉಳಿಯೋದು ಬಲಿಷ್ಠನಲ್ಲ, ಆ ಪರಿಸರಕ್ಕೆ ಹೊಂದಿ ಮರಿ ಉಳಿಸಿದ್ದು, ಮತ್ತೆ ಊರಬಾವಿಯ ನೀರು ಬಿಡದವನನ್ನು ಪ್ರಕೃತಿ ಅನ್ನೋದಿಲ್ಲ ಅಂತ ಹೇಳೋಕೆ ಬರಬೇಕಲ್ಲ?

ಅಮೆರಿಕದಲ್ಲೂ ಈ ಜಗಳ ಆಗಿದೆ. 1925ರಲ್ಲಿ ಟೆನೆಸಿಯ ಡೇಟನ್ ಎಂಬ ಊರಿನಲ್ಲಿ ವಿಕಾಸ ಕಲಿಸಿದ್ದಕ್ಕೆ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ 100 ಡಾಲರ್ ದಂಡ ಹಾಕಿದರು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವಿಕಾಸ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಲೂಸಿಯಾನಾದ ಕಾನೂನನ್ನು ಹೊಡೆದು ಹಾಕಿತು. ಅಲ್ಲಿ ಕೋರ್ಟಿನಲ್ಲಿ ನಿಂತು ವಾದ ಮಾಡಿದರು. ಇಲ್ಲಿ ವಾದವೇ ಇಲ್ಲ, ಹೊರೆ ಇಳಿಸಿದೆವು ಅಂದರು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರಜೆಯ ಕರ್ತವ್ಯ ಅಂತ 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೇ ಸೇರಿಸಿದ್ದಾರೆ, 51ಎ ವಿಧಿ ತೆಗೆದು ನೋಡಿ. ಕರ್ತವ್ಯ ಮಾಡು ಅಂತಾರೆ, ಪಾಠ ಕಿತ್ತುಕೊಳ್ಳುತ್ತಾರೆ.

ನಾವೀಗ ಮಾಡೋದು ಇಷ್ಟು. 2022ಕ್ಕಿಂತ ಹಿಂದಿನ ಹತ್ತನೇ ತರಗತಿ ಪುಸ್ತಕ ಯಾರ ಹತ್ತಿರ ಇದ್ದರೂ ತನ್ನಿ. ಆ ಅಧ್ಯಾಯವನ್ನು ನಮ್ಮ ಮಾತಿನಲ್ಲಿ, ಹತ್ತಿ ಹುಳದ ಉದಾಹರಣೆ ಸೇರಿಸಿ ಬರೆದು, ಸ್ಟೆನ್ಸಿಲ್ ಕೊರೆದು ಮೂರೂ ಊರಿನ ಹಾಸ್ಟೆಲ್ಲುಗಳಿಗೆ ಹಂಚೋಣ. ಬಯಾಲಜಿಗೆ ಕೈ ಎತ್ತಿದ ಆರು ಮಂದಿ ತಪ್ಪಿದ್ದರೆ ತಿದ್ದಬೇಕು, ಅದು ನಿಮ್ಮ ಕೆಲಸ. ಬರುವ ಭಾನುವಾರ ಸಂಗನಕಲ್ಲು ಗುಡ್ಡಕ್ಕೆ ಹೋಗೋಣ, ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಅಲ್ಲೇ ಇದೆ. ಸಿರುಗುಪ್ಪದವರು ಮೊದಲ ಬಸ್ಸಿಗೆ ಬನ್ನಿ. ಕುರುಗೋಡಿನ ಆ ತಮ್ಮನನ್ನು ಯಾರಾದರೂ ಕರಕೊಂಡು ಬನ್ನಿ. ಬುತ್ತಿ ಕಟ್ಟಿಕೊಂಡು ಬನ್ನಿ, ಗುಡ್ಡದ ಮೇಲೆ ನೀರೂ ಸಿಗೋದಿಲ್ಲ.