ಎರಡು ಹೊಳೆಗಳ ನಡುವಿನ ನೆಲ



ಮಕ್ತಲಿನಲ್ಲಿ ಹತ್ತನೇ ತರಗತಿ ಓದುವ ನಮ್ಮಣ್ಣನ ಮಗಳು ಶೀತಲ ಸಮರದ ಪಾಠ ಮುಂದಿಟ್ಟುಕೊಂಡು, "ಕಾಕಾ, ಹಿಟ್ಲರನನ್ನು ಕೂಡಿಯೇ ಸೋಲಿಸಿದ ಅಮೆರಿಕ, ರಷ್ಯಾ ಎರಡೇ ವರ್ಷಕ್ಕೆ ವೈರಿಗಳಾದದ್ದು ಹೆಂಗ?" ಎಂದು ಕೇಳಿದಳು. ಬರ್ಲಿನ್ನಿಗಿಂತ ಮೊದಲು ಗದ್ವಾಲಕ್ಕೆ ಹೋಗಿ ಬರೋಣ ಬಾ ಎಂದೆ.

ಗದ್ವಾಲ ಇರುವುದು ಕೃಷ್ಣಾ, ತುಂಗಭದ್ರಾ ನದಿಗಳ ನಡುವೆ. ಹಿಂದೆ ಎಡೆದೊರೆ ನಾಡು ಎನಿಸಿಕೊಂಡಿದ್ದ ಈ ಸೀಮೆ ಮುದಗಲ್, ರಾಯಚೂರು ದಾಟಿ ಆಲಂಪುರದವರೆಗೆ ಚಾಚಿದೆ. ಹನ್ನೊಂದನೇ ಶತಮಾನದಲ್ಲಿ ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳಲ್ಲಿ ಇದನ್ನೂ ಹೆಸರಿಸಿದ. 1294ರಲ್ಲಿ ಕಾಕತೀಯರ ಕಡೆಯವರು ರಾಯಚೂರಿನ ಕಲ್ಲುಕೋಟೆ ಕಟ್ಟಿಸಿದರು. ಆಮೇಲೆ ದಿಲ್ಲಿಯ ತುಘಲಕರು ಬಂದರು. ಅವರ ಹಿಡಿತ ಸಡಿಲಿದಾಗ ದಕ್ಷಿಣದಲ್ಲಿ ಎರಡು ಹೊಸ ರಾಜ್ಯಗಳು ಎದ್ದವು: 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ. ದೊಡ್ಡವನೊಬ್ಬ ಬಿಟ್ಟುಹೋದ ಜಾಗದಲ್ಲಿ ಹುಟ್ಟಿದ ಇಬ್ಬರ ನಡುವೆ ಉಳಿದದ್ದು ಈ ನೆಲ. 1945ರಲ್ಲಿ ಜರ್ಮನಿ ಬಿದ್ದ ಮೇಲೆ ಪೋಲೆಂಡಿನ ಸುತ್ತಮುತ್ತ ಆದದ್ದೂ ಇದೇ.

ನಕಾಶೆ ತೆಗೆದು ನೋಡಿ. ವಿಜಯನಗರದ ರಾಜಧಾನಿ ಹಂಪಿ ಇರುವುದು ತುಂಗಭದ್ರೆಯ ದಂಡೆಯ ಮೇಲೆ. ಬಹಮನಿಗಳು ಎಡೆದೊರೆಯಲ್ಲಿ ಕೂತರೆ ರಾಜಧಾನಿಯ ಹೊಸ್ತಿಲಿಗೇ ಬಂದಂತೆ. ವಿಜಯನಗರದವರು ಕೂತರೆ ಕೃಷ್ಣೆಯ ಆಚೆ ಬಹಮನಿಗಳ ಕಲಬುರಗಿಯವರೆಗೆ ದಾರಿ ತೆರೆದಂತೆ. ತನ್ನ ರಕ್ಷಣೆಗೆಂದು ಒಬ್ಬ ಇಟ್ಟ ಹೆಜ್ಜೆ ಇನ್ನೊಬ್ಬನಿಗೆ ದಂಡಯಾತ್ರೆಯಾಗಿ ಕಾಣುತ್ತಿತ್ತು. ಯುದ್ಧ ಮುಗಿದ ಮೇಲೆ ಯುರೋಪಿನಲ್ಲೂ ಹೀಗೇ ಆಯಿತು: 1812ರಲ್ಲಿ ನೆಪೋಲಿಯನ್, 1941ರಲ್ಲಿ ಹಿಟ್ಲರ್ ಪಶ್ಚಿಮದಿಂದ ನುಗ್ಗಿದ್ದನ್ನು ಮರೆಯದ ರಷ್ಯಾ ಪೋಲೆಂಡನ್ನು ಬಿಡಲೊಲ್ಲದು. ಅದನ್ನು ಕಂಡ ಅಮೆರಿಕಕ್ಕೆ ಯುರೋಪೇ ಕೈತಪ್ಪುವ ಭಯ.

ವಿಜಯನಗರ-ಬಹಮನಿಗಳ ಈ ಹೋರಾಟವನ್ನು ಹಿಂದೂ-ಮುಸ್ಲಿಂ ಜಗಳ ಎಂದಷ್ಟೇ ಮಕ್ಕಳಿಗೆ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಬಹಮನಿಗಳ ಕುದುರೆ, ಬಿಲ್ಲುಗಾರರನ್ನು ಕಂಡ ವಿಜಯನಗರದ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೇ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಈಗಲೂ ಇದೆ. ವೈರಿಯ ಹತ್ತಿರ ಏನಿದೆಯೋ ಅದು ನಮ್ಮ ಹತ್ತಿರವೂ ಇರಬೇಕೆಂಬ ಪೈಪೋಟಿ ಆಗಲೇ ಬೇರುಬಿಟ್ಟಿತ್ತು.

ಬಹಮನಿ ರಾಜ್ಯ ಒಡೆದ ಮೇಲೆ ವೈರ ಬಿಜಾಪುರದ ಆದಿಲ್ ಶಾಹಿಗಳ ಪಾಲಿಗೆ ಬಂತು. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟಂತೆ, ಗೋವೆಯಲ್ಲಿ ಕುದುರೆ ಕೊಳ್ಳಲು ಕೃಷ್ಣದೇವರಾಯ ಕೊಟ್ಟ ಹಣದೊಂದಿಗೆ ಒಬ್ಬ ವ್ಯಾಪಾರಿ ಆದಿಲ್ ಶಾಹಿ ಸೀಮೆಗೆ ಓಡಿಹೋದ. ಕೇಳಿದರೆ ಅವರು ಒಪ್ಪಿಸಲಿಲ್ಲ. ನೆಪ ಸಿಕ್ಕಿತು. 1520ರಲ್ಲಿ ರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಮಕ್ತಲಿನಿಂದ ರಾಯಚೂರಿಗೆ ಹೋಗುವಾಗ ಅಡ್ಡ ಸಿಗುವ ಅದೇ ಕೃಷ್ಣೆಯನ್ನು ಇಸ್ಮಾಯಿಲ್ ಆದಿಲ್ ಶಾ ತೋಪುಗಳ ಸಮೇತ ದಾಟಿ ಬಂದ. ಮೊದಲು ತೋಪುಗಳ ಏಟಿಗೆ ರಾಯನ ಮುಂಚೂಣಿ ಚದುರಿತಾದರೂ ಕೊನೆಗೆ ಬಿಜಾಪುರದ ದಂಡು ಹೊಳೆಗೆ ಬಿತ್ತು. ಅನೇಕರು ನೀರುಪಾಲಾದರು. ಕೋಟೆ ಮಾತ್ರ ಜಗ್ಗಲಿಲ್ಲ. ಗೋಡೆಯಿಂದ ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ರಾಯ ಸೈನಿಕರಿಗೆ ದುಡ್ಡು ಕೊಡಿಸುತ್ತಿದ್ದನಂತೆ. ಕಡೆಗೆ ಗೋಡೆಯಾಚೆ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೆ ರಾಯನ ಕಡೆಯಿದ್ದ ಪೋರ್ಚುಗೀಸರ ಕೋವಿಯ ಗುಂಡು ತಾಗಿತು. ಮರುದಿನ ಕೋಟೆ ಶರಣಾಯಿತು.

ಆ ಗೆಲುವೂ ಬಾಳಲಿಲ್ಲ. 1565ರಲ್ಲಿ ಸುಲ್ತಾನರು ಒಂದಾಗಿ ವಿಜಯನಗರವನ್ನು ಮುರಿದರು. 1686ರಲ್ಲಿ ಔರಂಗಜೇಬ ಬಿಜಾಪುರವನ್ನೇ ನುಂಗಿದ. ಎಡೆದೊರೆ ಆಮೇಲೆ ನಿಜಾಮರಿಗೆ ಹೋಯಿತು. ಗದ್ವಾಲ ಅವರ ಕೆಳಗೊಂದು ಸಂಸ್ಥಾನವಾಯಿತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿದಾಗ ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಬೇರ್ಪಡಿಸಿ ಆಂಧ್ರಕ್ಕೆ ಕೊಟ್ಟರು. ಅಲ್ಲಿಗೆ ಎಡೆದೊರೆ ಎರಡು ರಾಜ್ಯಗಳ ಪಾಲಾಯಿತು. ತುಂಗಭದ್ರೆಯ ರಾಜೋಳಿಬಂಡ ಕಾಲುವೆ ಮೊದಲು ನಮ್ಮ ರಾಯಚೂರು ಸೀಮೆಯ ಹೊಲಗಳಿಗೆ ನೀರುಣಿಸಿ ಆಮೇಲೆ ಆಲಂಪುರದ ಕಡೆ ಹೋಗುತ್ತದೆ. ಕಾಲುವೆಯ ಕೊನೆಯ ಊರುಗಳಿಗೆ ನೀರು ಸಾಲುತ್ತಿಲ್ಲವೆಂಬ ತಕರಾರನ್ನು ಈಗ ನ್ಯಾಯಮಂಡಳಿಯ ಮುಂದಿಟ್ಟು ವಾದಿಸುತ್ತಾರೆ.