ಸಂಸಾರ ಎರಡಾದಾಗ ಸಾಲ ಯಾರ ಪಾಲಿಗೆ?



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಗಂಡಹೆಂಡಿರು ಬೇರೆಯಾಗುವ ಮಾತು ಬಂದರೆ ಕೋರ್ಟಿಗಿಂತ ಮೊದಲು ಊರ ಹಿರಿಯರು ಕೂಡುತ್ತಾರೆ. ಪಂಚಾಯ್ತಿ ನಡೆದು ಕೊನೆಗೆ ಛಾಪಾ ಕಾಗದದ ಮೇಲೆ ಬರೆಸುತ್ತಾರೆ: ಮನೆ ಸಾಲ ಅವನು ಕಟ್ಟತಕ್ಕದ್ದು, ಸಂಘದ ಸಾಲ ಅವಳು ತೀರಿಸತಕ್ಕದ್ದು, ಮಕ್ಕಳು ತಾಯಿಯ ಹತ್ತಿರ ಇರತಕ್ಕದ್ದು. ಎರಡು ಕಡೆಯ ರುಜು, ನಾಲ್ಕು ಸಾಕ್ಷಿ. ಈ ಕಾಗದಕ್ಕೆ ಅವರಿಬ್ಬರ ನಡುವೆ ಬೆಲೆ ಇದೆ. ಸಾಲ ಕೊಟ್ಟವರನ್ನು ಮಾತ್ರ ಇದು ಕಟ್ಟಿಹಾಕುವುದಿಲ್ಲ. 1872ರ ಕರಾರು ಕಾಯಿದೆಯ 43ನೇ ಕಲಮಿನ ಪ್ರಕಾರ, ಇಬ್ಬರು ಸೇರಿ ಸಹಿ ಹಾಕಿದ ಸಾಲವನ್ನು ಅವರಲ್ಲಿ ಯಾರಾದರೊಬ್ಬರಿಂದಲೇ ಪೂರ್ತಿ ವಸೂಲು ಮಾಡಬಹುದು. ಜಾಮೀನು ನಿಂತವರ ಹೊಣೆಯೂ ಸಾಲಗಾರನಷ್ಟೇ. ಗಂಡನ ಪಾಲನ್ನೂ ಹೆಂಡತಿಯೇ ಕಟ್ಟಿದರೆ ಅದನ್ನು ಅವನಿಂದ ಕೇಳುವ ಹಕ್ಕು ಅವಳಿಗಿದೆ. ಅಷ್ಟು ಹೊತ್ತಿಗೆ ಬ್ಯಾಂಕಿನ ನೋಟಿಸು ಬಾಗಿಲಿಗೆ ಬಂದಿರುತ್ತದೆ, ಅಷ್ಟೆ.

ಆದ್ದರಿಂದ ಬೇರೆಯಾಗುವವರು ಮೊದಲು ನೋಡಬೇಕಾದ್ದು ಯಾವ ಸಾಲದ ಪತ್ರದಲ್ಲಿ ಯಾರ ಸಹಿ ಇದೆ ಎಂಬುದನ್ನು. ಸೊಸೈಟಿಯ ಬೆಳೆಸಾಲ ಗಂಡನೊಬ್ಬನ ಹೆಸರಲ್ಲಿದ್ದು ಹೆಂಡತಿ ಸಹಿಯನ್ನೂ ಜಾಮೀನನ್ನೂ ಹಾಕಿಲ್ಲದಿದ್ದರೆ, ಹೆಂಡತಿ ಎಂಬ ಒಂದೇ ಕಾರಣಕ್ಕೆ ಅದು ಅವಳ ತಲೆಗೆ ಬರುವುದಿಲ್ಲ. ಜಮೀನಿನ ಮೇಲೆ ಸಾಲ ಇದೆಯೋ ಇಲ್ಲವೋ ಪಹಣಿಯ 11ನೇ ಕಾಲಂ ಹೇಳುತ್ತದೆ. ಅವಳ ಒಡವೆ ಗಿರವಿ ಇಟ್ಟು ಕಬ್ಬು ನಾಟಿ ಮಾಡಿದ್ದರೆ ಅದನ್ನೂ ಬರೆದಿಡಿ. ಒಡವೆ ಸ್ತ್ರೀಧನ, ಅದನ್ನು ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ.

ಸಂಘದ ಸಾಲ, ಅಂದರೆ ಹೆಂಗಸರ ಗುಂಪಿನ ಕಿರುಸಾಲದ ಕಥೆ ಇನ್ನೂ ಕಷ್ಟದ್ದು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಕಂತುಗಳೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟಬಾರದು. ಈ ಲೆಕ್ಕದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅಂದರೆ ಸಾಲ ಅವಳ ಹೆಸರಲ್ಲಿ ಬಂದಿದ್ದರೂ ಕಂತು ನಿಗದಿಯಾಗಿರುವುದು ಅವನ ಕೂಲಿ, ಅವನ ಕಬ್ಬಿನ ಬಿಲ್ಲನ್ನೂ ಸೇರಿಸಿ. ಅವನು ಮನೆ ಬಿಟ್ಟು ಹೋದ ವಾರವೂ ಕಂತು ಅಷ್ಟೇ ಇರುತ್ತದೆ. ಅವಳು ತಪ್ಪಿದರೆ ಗುಂಪಿನ ಉಳಿದ ಹೆಂಗಸರ ಮೇಲೆ ಒತ್ತಡ ಬೀಳುತ್ತದೆ, ನಿನ್ನೆವರೆಗೆ ಜೊತೆಗೆ ಗದ್ದೆಗೆ ಹೋಗುತ್ತಿದ್ದವರೇ ಬಂದು ಕೇಳುತ್ತಾರೆ. ಈ ಅವಮಾನ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ನನ್ನ ಮಾತು ಇಷ್ಟೆ: ಒಂದು ಕಂತು ತಪ್ಪುವ ಮುಂಚೆಯೇ, ಮನೆಯ ಆದಾಯ ಅರ್ಧಕ್ಕೆ ಇಳಿದಿದೆ, ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಕಿರುಸಾಲದ ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. 2025ರ ಜನವರಿಯಲ್ಲಿ ಮಳವಳ್ಳಿ ತಾಲ್ಲೂಕಿನಿಂದಲೂ ಸಾಲದ ಕಾಟದ ಸಾವಿನ ಸುದ್ದಿ ಬಂದಿತ್ತು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ ಎಂದಿತು.

ಇನ್ನು ಮನೆ. ಮನೆ ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು ಎಂಬ ಮಾತು ಕೇಳಿ ಎಷ್ಟೋ ಹೆಣ್ಣುಮಕ್ಕಳು ತವರಿನ ದಾರಿ ಹಿಡಿಯುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 17ನೇ ಕಲಂ ಹಾಗೆ ಹೇಳುವುದಿಲ್ಲ. ಖಾತೆಯಲ್ಲಿ ಹೆಸರಿಲ್ಲದಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅತ್ತೆ ಮಾವಂದಿರ ಸ್ವಂತ ಮನೆಗೆ ಇದು ಅನ್ವಯಿಸದು ಎಂದಿದ್ದ ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಅದೇ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ತೀರ್ಮಾನವಾಯಿತು. ಗಂಡ ಕೊಂಡ ಆಸ್ತಿ ಅವನ ತಂದೆಗೆ, ತಂದೆಯಿಂದ ದಾನಪತ್ರದ ಮೂಲಕ ತಾಯಿಗೆ ಹೋಗಿತ್ತು. ಆಮೇಲೆ ಹಿರಿಯ ನಾಗರಿಕರ ಕಾಯಿದೆ ಹಿಡಿದು ಸೊಸೆಯನ್ನು ಹೊರಹಾಕುವ ಆದೇಶ ತಂದಿದ್ದರು, ಹೈಕೋರ್ಟೂ ಒಪ್ಪಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ವಾಸದ ಹಕ್ಕನ್ನು ಆ ದಾರಿಯಲ್ಲಿ ಅಳಿಸಲಾಗದು ಎಂದಿತು. ಒಂದು ಎಚ್ಚರ: ಇದು ವಾಸದ ಹಕ್ಕು, ಒಡೆತನ ಬೇರೆ.

ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 19ನೇ ಕಲಮಿನಲ್ಲಿ ನಮ್ಮ ವಕೀಲರೂ ಎಷ್ಟೋ ಸಲ ಕೇಳದೆ ಬಿಡುವ ಎರಡು ಮಾತುಗಳಿವೆ. ಒಂದು, ಆ ಮನೆಯನ್ನು ಮಾರಬಾರದು, ಅದರ ಮೇಲೆ ಹೊಸ ಸಾಲ ಎತ್ತಬಾರದು ಎಂಬ ತಡೆ. ಇನ್ನೊಂದು 6ನೇ ಉಪಕಲಂ: ಬಾಡಿಗೆ ಮತ್ತಿತರ ಪಾವತಿಗಳ ಹೊಣೆಯನ್ನು, ಇಬ್ಬರ ಸ್ಥಿತಿಗತಿ ನೋಡಿ, ಎದುರು ಪಕ್ಷದ ಮೇಲೆ ಹೊರಿಸುವ ಅಧಿಕಾರ. ಮನೆಸಾಲದ ಕಂತು ಕೇಳಲು ದಾರಿ ಇಲ್ಲಿದೆ. ವಾಸದ ಆದೇಶವೊಂದನ್ನೇ ಪಡೆದು ಕಂತಿನ ಮಾತು ಬಿಟ್ಟರೆ, ಗಂಡ ಹೊರಹಾಕಲಾಗದ ಮನೆಯಿಂದ ಬ್ಯಾಂಕು ಹೊರಹಾಕಬಹುದು. ಅಡಮಾನ ಹಿಡಿದ ಬ್ಯಾಂಕನ್ನು ಆ ಆದೇಶ ತಡೆಯುವುದಿಲ್ಲ. ಸಾಮಾನ್ಯವಾಗಿ 90 ದಿನ ಕಂತು ನಿಂತರೆ ಸಾಲ ಅನುತ್ಪಾದಕ ಎನಿಸುತ್ತದೆ, ಆಮೇಲೆ 60 ದಿನದ ನೋಟಿಸು. ಅದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ನೋಟಿಸನ್ನು ಗೂಡಿನಲ್ಲಿಟ್ಟು ಮರೆಯಬೇಡಿ.

ಗಂಡಸರಿಗೂ ಒಂದು ಮಾತು. ಮನೆ ಬಿಟ್ಟ ಮೇಲೂ ಕಂತು ಕಟ್ಟುತ್ತಿದ್ದರೆ ಪ್ರತಿ ರಸೀದಿ ಇಟ್ಟುಕೊಳ್ಳಿ. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ ಎರಡನ್ನೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. ಮನೆ ಹೆಂಡತಿಗೆ ಬಿಟ್ಟುಕೊಡುವ ಒಪ್ಪಂದವಾದರೆ, ಖಾತೆ ಬದಲಾದ ಮಾತ್ರಕ್ಕೆ ಸಾಲದಿಂದ ನಿಮ್ಮ ಹೆಸರು ಹೋಗದು. ಅವಳೊಬ್ಬಳ ಆದಾಯದ ಮೇಲೆ ಬ್ಯಾಂಕು ಒಪ್ಪಿ ಹೊಸ ಪತ್ರ ಮಾಡಬೇಕು.

ಇದಕ್ಕೆಲ್ಲ ದುಡ್ಡಿಲ್ಲ ಎನ್ನುವ ಹೆಣ್ಣುಮಕ್ಕಳು ಕೇಳಿಸಿಕೊಳ್ಳಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನ ಆವರಣದಲ್ಲೇ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ದೌರ್ಜನ್ಯ ತಡೆ ಕಾಯಿದೆಯ ಸಂರಕ್ಷಣಾಧಿಕಾರಿಗಳು, ಅರ್ಜಿ ಅವರ ಮೂಲಕವೂ ಹೋಗಬಹುದು. ಹೋಗುವಾಗ ಸಾಲದ ಪತ್ರ, ಕಂತಿನ ಪುಸ್ತಕ, ಇ-ಸ್ವತ್ತಿನ ಪ್ರತಿ ಅಥವಾ ಹಕ್ಕುಪತ್ರ, ಪಹಣಿ, ಗಿರವಿ ಚೀಟಿ, ಪಂಚಾಯ್ತಿಯಲ್ಲಿ ಬರೆಸಿದ ಕಾಗದ ಎಲ್ಲವನ್ನೂ ಜೊತೆಗೆ ಕೊಂಡೊಯ್ಯಿರಿ.